ನೇಪಾಳಕ್ಕೆ ಹೋದ ಮಶೀನುಗಳು

ಯಮನಮ್ಮನಿಗೆ ಹತ್ತಿ ಮಿಲ್ಲಿನ ಕೆಲಸ ಬಿಟ್ಟರೆ ಬೇರೆ ಕೆಲಸ ಬರುತ್ತಿರಲಿಲ್ಲ. ೧೯೮೩ರ ದಸರಾ ಮುಗಿದ ವಾರ, ರಾಯಚೂರು ಬಸ್‌ಸ್ಟ್ಯಾಂಡಿನಲ್ಲಿ ಗಬ್ಬೂರು ಬಸ್ಸಿಗೆ ನಿಂತಿದ್ದ ಮಿಲ್ಲಿನ ಫಿಟ್ಟರ್ ಮುದುಕಪ್ಪನನ್ನು ಸಾಲಿನವರೆಲ್ಲ ಕೇಳುವಂತೆ ತಡೆದಳು.

"ಅಣ್ಣಾ, ನೇಪಾಳದಾಗ ಇನ್ನೊಂದು ಮಿಲ್ ಆದ್ರ ನಮಗೂ ಕೆಲ್ಸ ಹೆಚ್ಚಾಗ್ತದ ಅಂದಿದ್ದಿ."

"ಮಾಲಕ ಹಂಗ ಹೇಳಿದ್ನವ್ವಾ."

"ಪೂಜಿಗಂತ ಮಶೀನ್ ಬಿಚ್ಚಿ ತೊಳದು ಕುಂಕುಮ ಹಚ್ಚಿದ್ವಿ. ಮತ್ತ ಯಾಕ ಜೋಡಿಸ್ಲಿಲ್ಲ?"

"ಕಾಯಿ ಒಡದ ಮ್ಯಾಲ ಲಾರಿಗೆ ಏರಿಸ್ರಿ ಅಂದ. ಏರಿಸಿದ್ವಿ."

"ಬಿಚ್ಚಿದಾಂವ ನೀನಽ!"

"ಪೂಜಿಗಂತನ ಬಿಚ್ಚಿದ್ನಿ, ಬೇ."

"ನನ್ನೂ ಅಲ್ಲಿಗೆ ಕರಕೊಂಡು ಹೋಗು. ಕಾಲು ಬೀಳ್ತೀನಿ."

"ನನ್ನಽ ಕರದಿಲ್ಲ. ಬ್ಯಾಸಿಗ್ಯಾಗ ಹೋಗಿ ಅಲ್ಲಿಯವ್ರಿಗೆ ಕಲಿಸಿ ಬಂದೀನಿ. ಅಷ್ಟಽ ಸಾಕಂತ."

"ಹಂಗಾರ ಪೂಜಿ ಯಾರ ಸಲುವಾಗಿ ಮಾಡಿದ್ವಿ?"

ಬಸ್ಸು ಬಂತು. ಮುದುಕಪ್ಪ ಹತ್ತಿ ಹೋದ. ಯಮನಮ್ಮ ಮಿಲ್ಲಿನ ದಾರಿಯನ್ನೇ ಹಿಡಿದಳು.

ಹೋದದ್ದು ಇಪ್ಪತ್ನಾಲ್ಕು ಮಶೀನು, ಅರವತ್ತು ಮಂದಿಯ ಕೆಲಸ.