ಹಿಮದಲ್ಲಿ ಕಾರು ಓಡಿಸಿದವರು

ಅಧ್ಯಕ್ಷರಾದ ಮನೋಹರ್ ಅಂಕಲ್ ಅವರೇ, ಮುಂದಿನ ಸಾಲಿನಲ್ಲಿರುವ ಡಾಕ್ಟರ್ ಕಲ್ಲಿನಾಥ ಅಂಕಲ್, ಗಂಗವ್ವ ಆಂಟಿ, ಊಟಕ್ಕೂ ಮೊದಲೇ ಬಂದು ಕುಳಿತಿರುವ ಧೈರ್ಯವಂತ ಸಭಿಕರೇ,

ಆಹ್ವಾನ ಪತ್ರಿಕೆಯಲ್ಲಿ ನನ್ನನ್ನು ಯುವ ಸಂಶೋಧಕ ಎಂದು ಬರೆದಿದ್ದಾರೆ. ನಾನು ಸಂಶೋಧಕನಲ್ಲ, ಓದು ಅರ್ಧಕ್ಕೆ ಬಿಟ್ಟವನು. ನಮ್ಮಮ್ಮ ನಿಮಗೆಲ್ಲ ‘ಇಶಾನ್ ಗ್ಯಾಪ್ ಇಯರ್ ತಗೊಂಡಿದಾನೆ’ ಎಂದು ಹೇಳಿದ್ದಾರೆ. ಆ ಒಂದು ವರ್ಷದ ಗ್ಯಾಪ್ ಮುಗಿಯುವ ಲಕ್ಷಣ ನನಗಂತೂ ಕಾಣುತ್ತಿಲ್ಲ. ತರಗತಿಯಲ್ಲಿ ಕುಳಿತಿರಲು ನನ್ನಿಂದ ಆಗಲಿಲ್ಲ. ಆದರೆ ರಸ್ತೆ ಬದಿಯಲ್ಲಿ ಹಳೆಯ ಸ್ಮಾರಕ ಫಲಕ ಕಂಡರೆ ಕಾರು ನಿಲ್ಲಿಸಿ, ಎಷ್ಟು ಚಳಿಯಿದ್ದರೂ ನಿಂತು ಓದುತ್ತೇನೆ. ಯಾಕೆ ಎಂದು ಅಪ್ಪ ಕೇಳುತ್ತಾರೆ. ನನಗೂ ಗೊತ್ತಿಲ್ಲ.

ವಿಲೋ ಫೋರ್ಕ್ ಎಂಬ ಪುಟ್ಟ ಊರು ಇಲ್ಲಿಂದ ಎರಡು ಗಂಟೆಯ ದಾರಿ. ಸುತ್ತ ಜೋಳದ ಹೊಲ, ನಡುವೆ ಒಂದು ಚರ್ಚು. ಅಲ್ಲಿ ಸುಟ್ಟುಹೋದ ರೈಲು ನಿಲ್ದಾಣಕ್ಕೆ ಫಲಕವಿದೆ, ಮುಚ್ಚಿದ ಚೀಸ್ ಕಾರ್ಖಾನೆಗೂ ಇದೆ. ಕಲ್ಲಿನಾಥ ಅಂಕಲ್ ನಿವೃತ್ತರಾಗುವವರೆಗೆ ನಡೆಸಿದ ಕ್ಲಿನಿಕ್ಕಿಗೂ ಒಂದು ಫಲಕ ಬೇಕೆಂದು ಊರಿನವರು ಒಪ್ಪಿದರು. ನಮ್ಮ ಕನ್ನಡ ಸಂಘ ಮಾಡಿಸಿಕೊಡುವುದೆಂದಾಯಿತು.

ಸಂಘ ಏನು ಬರೆಯಿತು? ನಮಗೆ ಬರುವುದೊಂದೇ, ಸನ್ಮಾನ ಪತ್ರ. ವೈದ್ಯಶಿರೋಮಣಿ, ಕರುಣಾಸಾಗರ, ಕನ್ನಡಾಂಬೆಯ ಹೆಮ್ಮೆಯ ಸುಪುತ್ರ. ಅದನ್ನೇ ಇಂಗ್ಲಿಷಿಗೆ ಮಾಡಿ ನನ್ನ ಕೈಯಲ್ಲಿ ಕೊಟ್ಟು ಕಳಿಸಿದರು. ಆ ಊರಿನ ಇತಿಹಾಸ ಸಂಘವನ್ನು ನೋಡಿಕೊಳ್ಳುವ ಡೋರಿಸ್ ಎಂಬ ಅಜ್ಜಿ ಕನ್ನಡಕ ಏರಿಸಿ ನಿಧಾನವಾಗಿ ಓದಿದರು. ಓದಿ, “ಇಷ್ಟು ಜನರಲ್ಲಿ ನಮ್ಮ ಡಾಕ್ಟರ್ ಯಾರು?” ಎಂದರು. ಆಮೇಲೆ, “ಫಲಕದಲ್ಲಿ ಇಲ್ಲಿ ಏನು ನಡೆಯಿತು ಅಂತ ಇರಬೇಕು, ಮಗು” ಎಂದರು.

ಅಲ್ಲಿ ಏನು ನಡೆಯಿತು? ನಮ್ಮಲ್ಲಿ ಯಾರಿಗೆ ಗೊತ್ತಿತ್ತು?

ನನಗೆ ಪರೀಕ್ಷೆಯಿಲ್ಲ, ಹೋಮ್‌ವರ್ಕ್ ಇಲ್ಲ. ಆ ಊರಿನ ಮನೆಮನೆಗೆ ಹೋಗಿ ಕೇಳಿದೆ. ಒಬ್ಬ ರೈತ ಹೇಳಿದ: “ಹಿಮ ಬಿದ್ದ ದಿನ ಡಾಕ್ಟರ್ ಬರುತ್ತಾರೋ ಇಲ್ಲವೋ ಅಂತ ನಾವು ಡಾಕ್ಟರನ್ನು ಕೇಳುತ್ತಿರಲಿಲ್ಲ. ಅವರ ಹೆಂಡತಿಯನ್ನು ಕೇಳುತ್ತಿದ್ದೆವು.”

ಈ ದೇಶಕ್ಕೆ ಬಂದ ಹೊಸದರಲ್ಲಿ ಅಂಕಲ್ ಅವರ ಕಾರು ಹಿಮದಲ್ಲಿ ಜಾರಿ ಹಳ್ಳಕ್ಕೆ ಬಿದ್ದಿತ್ತಂತೆ. ಅಂದಿನಿಂದ ಹಿಮದಲ್ಲಿ ಅವರು ಸ್ಟೀಯರಿಂಗ್ ಮುಟ್ಟಲಿಲ್ಲ. ಕೀಲಿ ಕೈಗೆ ತೆಗೆದುಕೊಂಡವರು ನವಲಗುಂದದಿಂದ ಬಂದ ಗಂಗವ್ವ ಆಂಟಿ. ಹೆರಿಗೆಗೆ, ಎದೆನೋವಿಗೆ, ಟ್ರ್ಯಾಕ್ಟರಿಗೆ ಸಿಕ್ಕಿದ ಕೈಗೆ, ಎಲ್ಲದಕ್ಕೂ ಡಾಕ್ಟರನ್ನು ಮುಟ್ಟಿಸಿದವರು ಅವರೇ.

ಇಬ್ಬರನ್ನೂ ಮನೆಗೆ ಹೋಗಿ ಕೇಳಿದೆ. ಆಂಟಿ ಅಂದರು, “ಮುಂದ ದಾರಿ ಕಾಣಂಗಿಲ್ಲ. ಹಿಂದ ನೋಡಿದ್ರ ಇವರು ಕಣ್ ಮುಚ್ಚಿ ಕುಂತಿರ್ತಿದ್ರು.”

“ಕಣ್ ಮುಚ್ಚಿರಲಿಲ್ಲಲೇ, ದೇವರನ್ನ ನೆನಸ್ತಿದ್ದೆ.”

“ನೆನಸ್ರಿ, ಬ್ಯಾಡ ಅಂದವರ್‍ಯಾರು. ‘ಬ್ರೇಕ್ ಹಾಕು, ಬ್ರೇಕ್ ಹಾಕು’ ಅಂತ ಯಾಕ ಒದರ್ತಿದ್ರಿ?”

ಹಾಗಾಗಿ ನಾನು ಬೇರೆ ಬರಹ ಬರೆದೆ. ಕಾರ್ಯಕಾರಿ ಸಮಿತಿಗೆ ಹಿಡಿಸಲಿಲ್ಲ. ಮನೋಹರ್ ಅಂಕಲ್, ನೀವು ಅಂದಿದ್ದನ್ನೇ ಹೇಳುತ್ತೇನೆ, ಕ್ಷಮಿಸಿ: “ಡಾಕ್ಟರಿಗೆ ಭಯ ಅಂತ ಲೋಹದಲ್ಲಿ ಎರಕ ಹೊಯ್ಸೋಕಾಗತ್ತೇನಪ್ಪಾ? ಆಂಟಿನ ಡ್ರೈವರ್ ಮಾಡಿಬಿಟ್ಯಲ್ಲ.” ಆಂಟಿಯೂ ನಿಮ್ಮ ಪಕ್ಷ. “ನನ್ನ ಹೆಸರ್ ಯಾಕ ಬೇಕೋ ತಮ್ಮಾ, ಇವರದಷ್ಟ ಹಾಕ್ರಿ” ಎಂದೇ ನನ್ನನ್ನು ಕಳಿಸಿದರು.

ಆದರೆ ಸಭಿಕರೇ, ಈ ಫಲಕ ನಮ್ಮೆಲ್ಲರಿಗಿಂತ ಹೆಚ್ಚು ಕಾಲ ನಿಲ್ಲುತ್ತದೆ. ಹೆಸರು ಈಗ ಬಿಟ್ಟರೆ ಮುಂದೆ ಸೇರಿಸುವವರು ಯಾರು? ಡೋರಿಸ್ ಅವರಿಗೆ ಎಂಬತ್ತು ದಾಟಿದೆ. ಬರಹ ಸೋಮವಾರ ಎರಕಕ್ಕೆ ಹೋಗುತ್ತದೆ. ಸನ್ಮಾನ ಪತ್ರವೋ, ನನ್ನದೋ ಎಂದು ಈಗ ನೀವು ಕೈ ಎತ್ತಿ ತೀರ್ಮಾನಿಸಬೇಕು. ನನ್ನ ಬರಹ ಇಷ್ಟೇ:

‘ಈ ಕಟ್ಟಡದಲ್ಲಿ ಡಾಕ್ಟರ್ ಕಲ್ಲಿನಾಥ ಊರಿನವರಿಗೆ ಚಿಕಿತ್ಸೆ ಕೊಟ್ಟರು. ಹಿಮದಲ್ಲಿ ಕಾರು ಓಡಿಸಲು ಅವರಿಗೆ ಹೆದರಿಕೆ. ಗಂಗವ್ವ ಓಡಿಸಿದರು. ಕರೆದಾಗಲೆಲ್ಲ ಇಬ್ಬರೂ ಬಂದರು.’

ಇದಕ್ಕೆ ಒಪ್ಪಿಗೆ ಇರುವವರು... ಕಲ್ಲಿನಾಥ ಅಂಕಲ್, ಸ್ವಲ್ಪ ತಾಳಿ, ನಾನಿನ್ನೂ ಕೇಳಿ ಮುಗಿಸಿಲ್ಲ. ಎರಡು ಕೈ ಎತ್ತಿದರೂ ಒಂದೇ ವೋಟು. ಗಂಗವ್ವ ಆಂಟಿ, ದಯವಿಟ್ಟು ಅವರ ಕೈ ಕೆಳಗೆ ಎಳೆಯಬೇಡಿ.

ಹಿಂದಿನ ಸಾಲಿನವರೂ ಎತ್ತಿದ್ದೀರಿ. ಅಮ್ಮಾ, ನೀನೂ. ಮನೋಹರ್ ಅಂಕಲ್, ನಿಮ್ಮದು ಅರ್ಧ ಎತ್ತಿದಂತಿದೆ, ಪೂರ್ತಿ ಎಂದೇ ಹಿಡಿಯುತ್ತೇನೆ.

ಕೇಳಿದ್ದಕ್ಕೆ ಧನ್ಯವಾದ. ಕೈಗಳು ಮೇಲೇ ಇರುವಾಗ ಅವನ್ನು ಜೋಡಿಸುವುದು ಸುಲಭ. ಎಲ್ಲರಿಗೂ ನಮಸ್ಕಾರ.