ಮೇಸ್ತ್ರಿ ಗಾಡಿ ತಡವರಿಸಿದ್ದು

ಯಾರೂ ಬೆಂಕಿಕಡ್ಡಿ ಗೀರ್ಬೇಡಿ! ಬಾಗಿಲ ಹತ್ರ ನಿಲ್ಲಿಸಿರೋ ಮೇಸ್ತ್ರಿ ಗಾಡಿಯಿಂದ ಪೆಟ್ರೋಲ್ ಸೋರ್ತಾ ಇದೆ — ಅಯ್ಯೋ, ಕೂತ್ಕೊಳ್ಳಿ, ಕೂತ್ಕೊಳ್ಳಿ. ಸೋರ್ತಿಲ್ಲ. ಸುಳ್ಳು ಹೇಳಿದೆ. ಮೂರು ಭಾಷಣ ಕೇಳಿ ಹಿಂದಿನ ಸಾಲು ತೂಕಡಿಸ್ತಿತ್ತು, ಎಬ್ಬಿಸ್ಬೇಕಿತ್ತು. ಅತ್ತಿಗೆ, ಹಾಗೆ ದುರುಗುಟ್ಟಿ ನೋಡ್ಬೇಡಿ. ನಿಮ್ಮ ಯಜಮಾನ್ರು ಇದ್ದಿದ್ರೆ ಇಷ್ಟೊತ್ತಿಗೆ ಸ್ಪ್ಯಾನರ್ ಎಸೆದಿರ್ತಿದ್ರು.

ಮೇಸ್ತ್ರಿ ಶ್ರದ್ಧಾಂಜಲಿ ಸಭೆಗೆ ಬಂದಿರೋ ಹಿರಿಯರಿಗೆ, ವರ್ಕ್‌ಶಾಪಿನ ಗೆಳೆಯರಿಗೆ, ಅತ್ತಿಗೆಗೆ, ಅವರ ಮಗಳಿಗೆ — ನಮಸ್ಕಾರ. ನಾನು ಮೇಸ್ತ್ರಿ ಪಕ್ಕದ ಬೆಂಚಲ್ಲೇ ಆಯುಷ್ಯ ಸವೆಸಿದೋನು. ಅವರು ನನಗಿಟ್ಟ ಹೆಸರು ಕಿತಾಪತಿ. ಮದುವೆಯಾಗದ ನನಗೆ ಪತಿ ಅನ್ನೋ ಪಟ್ಟ ಸಿಕ್ಕಿದ್ದು ಅದೊಂದರಲ್ಲೇ.

ನೋಡಿ, ನನಗೆ ದುಃಖಕ್ಕಿಂತ ಜಾಸ್ತಿ ಸಿಟ್ಟು ಬಂದಿದೆ. ಈಗ ಮಾತಾಡಿದ ಮೂವರೂ ಏನಂದ್ರು? "ದೊಡ್ಡ ಕೆಲಸಗಾರ, ಆದ್ರೆ ಕೊನೇ ಗಾಡಿ ಮಾತ್ರ ಅವರ ಕೈಗೆ ಬಗ್ಗಲಿಲ್ಲ." ಮೂವರೂ! ಮಗಳು ತಲೆ ತಗ್ಗಿಸಿಬಿಟ್ಳು. ಬಗ್ಗಲಿಲ್ವಂತೆ! ನಿಮಗೇನ್ರೀ ಗೊತ್ತು?

ಗೊತ್ತಿಲ್ದೋರಿಗೆ ಹೇಳ್ತೀನಿ. ಅದು ಮಣ್ಣು, ಗುಡ್ಡ ಎಲ್ಲಾ ಹತ್ತೋ ನಾಲ್ಕು ಚಕ್ರದ ಗಾಡಿ, ಟೂ-ಸ್ಟ್ರೋಕ್ ಎಂಜಿನ್ನು. ಎಕ್ಸಲೇಟರ್ ತಿರುಗಿಸೋದಲ್ಲ — ಹೀಗೆ, ಹೆಬ್ಬೆರಳಲ್ಲಿ ಒತ್ತೋದು. ಮಗಳಿಗೆ ಅಂತ ತಯಾರು ಮಾಡ್ತಿದ್ರು. ಅಷ್ಟರಲ್ಲಿ ಡಾಕ್ಟ್ರು ಹೇಳಿಬಿಟ್ರು — ನರದ ಕಾಯಿಲೆ, ಕಾಲಿಂದ ಶುರುವಾಗಿದೆ, ಕೈಗೂ ಬರುತ್ತೆ, ಔಷಧಿ ಇಲ್ಲ. ಮೇಸ್ತ್ರಿ ಅಂದದ್ದು ಒಂದೇ ಮಾತು: "ಕೈಗೆ ಬರೋವರೆಗೂ ನಾನು ಮೇಸ್ತ್ರಿ ಕಣೋ. ಆಮೇಲೆ ಬರೀ ಮುದುಕ."

ಅವತ್ತಿಂದ ಶುರು. "ಲೋ, ಒತ್ತಿದ ತಕ್ಷಣ ಏಳ್ತಿಲ್ಲ ಇದು. ಯೋಚ್ನೆ ಮಾಡ್ತದೆ." ಕಾರ್ಬುರೇಟರ್ ಬಿಚ್ಚಿದ್ವಿ. ಅದರೊಳಗೆ ಪೆಟ್ರೋಲ್ ಚಿಮ್ಮಿಸೋ ಜೆಟ್ ಬದಲಾಯಿಸಿದ್ವಿ. "ಯೋಚ್ನೆ ಮಾಡ್ತದೆ." ಒಳಗಿನ ಸೂಜಿ ಒಂದು ಮೆಟ್ಟು ಎತ್ತಿದ್ವಿ. "ಇನ್ನೂ ಯೋಚ್ನೆ!" ಏರ್ ಫಿಲ್ಟರ್, ಸೈಲೆನ್ಸರ್ — ಮತ್ತೆ ಜೆಟ್! ಜೆಟ್ ಬದಲಾಯಿಸಿ ಬದಲಾಯಿಸಿ ನಾನೇ ಜಡ್ಡಾದೆ. ಅದು ಟೂ-ಸ್ಟ್ರೋಕ್ ಅಲ್ಲ ಸ್ವಾಮಿ, ಠೂ-ಸ್ಟ್ರೋಕ್. ಅದರ ದೆಸೆಯಿಂದ ನಾವಿಬ್ರೂ ವಾರಕ್ಕೊಂದ್ಸಲ ಠೂ ಬಿಡ್ತಿದ್ವಿ.

ಅತ್ತಿಗೆ ಬಾಗಿಲಲ್ಲಿ ನಿಂತು ಅಂತಿದ್ರು: "ಇವರನ್ನ ಊಟಕ್ಕೆ ಕರೆದ್ರೆ ಅರ್ಧ ಗಂಟೆ. ಗಾಡಿ ಮಾತ್ರ ಕರೆದ ತಕ್ಷಣ ಓ ಅನ್ಬೇಕಂತೆ!"

ಒಂದಿನ ಮೇಸ್ತ್ರಿ ಒಳಗೆ ಕೈ ತೊಳೀತಿದ್ರು. ಮಗಳು ಗಾಡಿ ಹತ್ತಿ ಒತ್ತಿದ್ಳು. ಒತ್ತಿದ್ದೇ ತಡ — ಬಾಣ! ಗೇಟು ದಾಟಿ ಹೋಯ್ತು. ಯೋಚ್ನೆಯೂ ಇಲ್ಲ, ಗೀಚ್ನೆಯೂ ಇಲ್ಲ. ನಾನು ನಿಂತಲ್ಲೇ ನಿಂತೆ. ಎಂಜಿನ್ ಸರಿಯಾಗೇ ಇತ್ತು ಕಣ್ರೀ. ತಡ ಆಗ್ತಿದ್ದಿದ್ದು — ಮೇಸ್ತ್ರಿ ಹೆಬ್ಬೆರಳು.

ಮಾರನೇ ದಿನ ಮೇಸ್ತ್ರಿ, "ನೀನೊಂದ್ಸಲ ಒತ್ತು ಮಗಳೇ" ಅಂದ್ರು. ಒತ್ತಿದ್ಳು. ಗಾಡಿ ತಡವರಿಸಿತು! ಆಗ ಅವರ ಮುಖ ನೋಡ್ಬೇಕಿತ್ತು ನೀವು. "ನೋಡಿದ್ಯೇನೋ ಕಿತಾಪತಿ! ನನ್ನ ಕೈಯಲ್ಲ ಕಣೋ, ಗಾಡೀನೇ!" "ಹೂಂ ಮೇಸ್ತ್ರಿ, ದರಿದ್ರ ಗಾಡಿ" ಅಂದೆ ನಾನು. ಮಗಳು ಆಮೇಲೆ ಬಂದು, "ಮಾಮ, ನಿನ್ನೆ ಹಾರ್ಕೊಂಡು ಹೋಯ್ತಲ್ಲ?" ಅಂದ್ಳು. "ನಿನಗೆಲ್ಲೋ ಭ್ರಮೆ" ಅಂತ ಗದರಿಸಿ ಕಳಿಸ್ದೆ. ಮತ್ತೆ ಕಾರ್ಬುರೇಟರ್. ಮತ್ತೆ ಜೆಟ್. ಮೇಸ್ತ್ರಿ ಕೊನೇವರೆಗೂ ಮೇಸ್ತ್ರಿಯಾಗೇ ಇದ್ರು.

ಆದ್ರೆ ಒಂದು ವಿಷಯ ನನ್ನ ತಲೆ ತಿಂತಿದೆ. ನಾನು ಕೆಲಸಕ್ಕೆ ಸೇರಿದಾಗ ಅವರೇ ಕಲಿಸಿದ್ದು: "ಗಾಡಿ ತಡವರಿಸಿದ್ರೆ ಮೊದಲು ಎಕ್ಸಲೇಟರ್ ಕೇಬಲ್ ಸಡಿಲ ಆಗಿದ್ಯಾ ನೋಡು. ಆಮೇಲೆ ಕಾರ್ಬುರೇಟರ್ ಮುಟ್ಟು." ಅಂಥವರು ಎಲ್ಲಾ ಬಿಚ್ಚಿದ್ರು, ಕೇಬಲ್ ಒಂದನ್ನ ಬಿಟ್ಟು! ತಡೀಲಾರದೆ ನಾನೇ ಒಂದ್ಸಲ, "ಕೇಬಲ್ ನೋಡ್ಲಾ ಮೇಸ್ತ್ರಿ?" ಅಂದೆ. "ಬೇಡ. ಅದು ಹಾಗೇ ಇರ್ಲಿ ಬಿಡು" ಅಂದ್ರು. ನನ್ನ ಮುಖ ನೋಡ್ಲಿಲ್ಲ. ಯಾಕೆ ಬೇಡ? ಕೇಳೋಣ ಅಂದ್ರೆ ಆಸಾಮಿ ಎದ್ದು ಹೋಗಿಬಿಟ್ರಲ್ಲ!

ಇರ್ಲಿ. ದಯವಿಟ್ಟು ಎಲ್ಲರೂ ಎದ್ದು ನಿಲ್ಲಿ. ಈ ಸಲ ಸುಳ್ಳಲ್ಲ. ಮೇಸ್ತ್ರಿಗೋಸ್ಕರ ಸ್ವಲ್ಪ ಹೊತ್ತು ಸದ್ದಿಲ್ಲದೆ ನಿಲ್ಲೋಣ. ಯಾರೂ ಮಾತಾಡೋ ಹಾಗಿಲ್ಲ — ಅತ್ತಿಗೆ, ನೀವೂ ಬೈಯೋ ಹಾಗಿಲ್ಲ. ನಿಂತ್ರಾ? ಹಾಂ.

ಮಗಳೇ, ಮನೆಗೆ ಹೋಗ್ತಾ ಗಾಡಿ ನೀನೇ ಓಡಿಸ್ಕೊಂಡು ಹೋಗು. ಗಟ್ಟಿಯಾಗಿ ಹಿಡ್ಕೊ, ಒತ್ತಿದ್ರೆ ಹಾರುತ್ತೆ. ಬೆಳಿಗ್ಗೆ ಕೇಬಲ್ ಬಿಗಿ ಮಾಡಿದೀನಿ. ಅವತ್ತು ನೀನು ಗೇಟು ದಾಟಿಸಿದ ರಾತ್ರಿ ಅದನ್ನ ಸಡಿಲ ಮಾಡಿದೋನೂ ನಾನೇ.

ಇನ್ನು — ಮೌನ.