ಸೊಸೆಯ ಬೀಳ್ಕೊಡುಗೆಯಲ್ಲಿ ಅತ್ತೆಯ ಎರಡು ಮಾತು

ವೇದಿಕೆಯಲ್ಲಿ ಇರುವುದರಲ್ಲೇ ಮೆತ್ತನೆಯ ಕುರ್ಚಿ ಹಿಡಿದಿರುವ ಅಧ್ಯಕ್ಷರೇ, ಅವರ ಪಕ್ಕದಲ್ಲಿ ಮೇಜಿನ ಕೆಳಗೆ ಫೋನು ಒತ್ತುತ್ತಾ ಯಾರಿಗೂ ಕಾಣುತ್ತಿಲ್ಲ ಎಂದುಕೊಂಡಿರುವ ಮುಖ್ಯ ಅತಿಥಿಗಳೇ, ಹೂಗುಚ್ಛದ ಹಿಂದೆ ಮುಖ ಅಡಗಿಸಿ ಕುಳಿತಿರುವ ನನ್ನ ಸೊಸೆಯೇ, ಮತ್ತು ಊಟದ ಕೋಣೆಯ ಬಾಗಿಲ ಕಡೆಗೇ ಕತ್ತು ತಿರುಗಿಸಿರುವ ಸಭಿಕರೇ,

ಮನೆಯವರೊಬ್ಬರು ಎರಡು ಮಾತು ಆಡಬೇಕು ಎಂದು ನಿರೂಪಕರು ಕರೆದರು. ನನ್ನ ಮಗ ಮಾತಾಡುವುದಿಲ್ಲ. ಅವನು ಕನ್ನಡಕದ ಅಂಗಡಿ ಇಟ್ಟವನು, "ಈಗ ಕಾಣ್ಸತ್ತಾ? ಈಗ?" ಎಂಬುದನ್ನು ಬಿಟ್ಟರೆ ಅವನಿಗೆ ಬೇರೆ ಮಾತಿಲ್ಲ. ಮೊಮ್ಮಗಳು ನನ್ನ ಸೆರಗು ಹಿಡಿದು, "ಅಜ್ಜಿ, ನೀನು ಮಾತ್ರ ಬೇಡ, ಪ್ಲೀಸ್" ಎಂದಳು. ಅದಕ್ಕೇ ನಾನು ಬಂದೆ.

ಹಳ್ಳಿಯ ಶಾಲೆಯಲ್ಲಿ ನಾಲ್ಕನೆಯ ತರಗತಿಗೆ ಓದು ನಿಲ್ಲಿಸಿದವಳು ನಾನು. ಮಾತಿನಲ್ಲಿ ತಪ್ಪಿದ್ದರೆ ತಿದ್ದಿಕೊಳ್ಳಿ. ಬೇರೆಯವರು ಬರೆದ ಕಂಪ್ಯೂಟರ್ ಕೋಡನ್ನು ತಿದ್ದುವುದೇ ನಿಮ್ಮ ಸಂಘದ ಕಸುಬಂತೆ.

ಮೊದಲು ಆಮಂತ್ರಣ ಪತ್ರಿಕೆಯ ವಿಚಾರ. ಮೊಮ್ಮಗಳ ಕೈಯಲ್ಲಿ ಓದಿಸಿದೆ. ಬೂಟ್‌ಲೋಡರಿನಲ್ಲಿ ಸೆಕ್ಯುರಿಟಿ ಚಿಪ್ಪಿನ ಕೋಡನ್ನು ಇಷ್ಟು ವರ್ಷ ನೋಡಿಕೊಂಡ ಶ್ರೀಮತಿಯವರು "ಮನೆಯ ಜವಾಬ್ದಾರಿಗಳ ನಿಮಿತ್ತ" ಅದನ್ನು ಬಿಡುತ್ತಿದ್ದಾರೆ ಎಂದು ಅಚ್ಚು ಹಾಕಿಸಿದ್ದೀರಿ. ಮನೆಯ ಜವಾಬ್ದಾರಿ ಎಂದರೆ ಯಾರು ಸ್ವಾಮಿ? ಮೊಮ್ಮಗಳು ಅವಳ ಬಟ್ಟೆ ಅವಳೇ ಒಗೆದುಕೊಳ್ಳುತ್ತಾಳೆ. ಮಗ ಗೋಡೆಯಿದ್ದ ಹಾಗೆ. ಗೋಡೆಗೆ ಯಾರಾದರೂ ಉಪಚಾರ ಮಾಡುತ್ತಾರೆಯೇ? ಇನ್ನು ಉಳಿದವಳು ನಾನೊಬ್ಬಳು! ಒಳಗೆ ಬರುವಾಗಲೇ ನೋಡಿದೆ, ಎಲ್ಲರ ಕಣ್ಣೂ ನನ್ನ ಮೇಲೆ. "ಇವಳೇ ಬಿಡಿಸಿದ ಅತ್ತೆ" ಎಂದು. ನಾನು ಬಿಡಿಸಿದೆನೇ? ಕೇಳಿ, ಹೇಳುತ್ತೇನೆ.

ಇವಳು ಮಾಡುವುದೇನು ಎಂದು ನನಗೂ ಮೊದಮೊದಲು ಗೊತ್ತಿರಲಿಲ್ಲ. ಒಂದು ದಿನ ತಡೆಯಲಾರದೆ ಕೇಳಿದೆ.

"ಅದೇನೇ ಅದು, ಸಂಬಳ ಇಲ್ಲದ ಕೆಲಸ?"

"ಅತ್ತೆ, ಕಂಪ್ಯೂಟರ್ ಬಟನ್ ಒತ್ತಿದಾಗ ದೊಡ್ಡದೆಲ್ಲ ಏಳೋಕೆ ಮುಂಚೆ ಒಂದು ಚಿಕ್ಕ ಪ್ರೋಗ್ರಾಮು ಎದ್ದು ಉಳಿದವರನ್ನ ಎಬ್ಬಿಸತ್ತೆ. ಅದೇ ಬೂಟ್‌ಲೋಡರು. ಒಳಗೊಂದು ಚಿಪ್ ಇರತ್ತೆ. ಯಾರ್ಯಾರು ಒಳಗೆ ಬಂದ್ರು, ನೆನ್ನೆ ಹೇಗಿದ್ರೋ ಇವತ್ತೂ ಹಾಗೇ ಇದಾರಾ ಅಂತ ಅಳೆದು ಬರ್ಕೊಳತ್ತೆ."

"ಬೇರೆ ಥರ ಇದ್ರೆ ಓಡಿಸತ್ತಾ?"

"ಇಲ್ಲ ಅತ್ತೆ. ಯಾರನ್ನೂ ತಡೆಯಲ್ಲ, ಒಂದು ಮಾತೂ ಆಡಲ್ಲ. ಬೀಗದ ಕೈ ಮಾತ್ರ ಕೊಡಲ್ಲ."

ಸಭಿಕರೇ, ನನಗೆ ತಕ್ಷಣ ಅರ್ಥವಾಯಿತು. ಅದು ಅತ್ತೆ. ಅಂಗೈಯ ಮೂಲೆಯಷ್ಟೂ ಇಲ್ಲದ ಅತ್ತೆ! ಅಂದಿನಿಂದ ನನಗೆ ಅದರ ಮೇಲೆ ಅಭಿಮಾನ.

ಆದರೆ ಅತ್ತೆಯರಲ್ಲಿ ನೂರೆಂಟು ಬಗೆ. ಒಂದೊಂದು ಕಂಪನಿಯ ಚಿಪ್ಪಿಗೆ ಒಂದೊಂದು ಗುಣ. ಒಂದು ಕರೆದ ಕೂಡಲೇ ಓಗೊಡುತ್ತದೆ, ಇನ್ನೊಂದಕ್ಕೆ ಎದ್ದು ಮೈ ಮುರಿಯುವುದಕ್ಕೇ ಹೊತ್ತು ಬೇಕು. ಎಲ್ಲವುಗಳ ಮರ್ಜಿ ಹಿಡಿದು ಮಾತಾಡಿಸಬೇಕು, ಅದೇ ಇವಳ ಕೆಲಸ. ಅದನ್ನು ಪರೀಕ್ಷೆ ಮಾಡಲು ನಮ್ಮ ಅಡುಗೆಮನೆಯ ಶೆಲ್ಫಿನಲ್ಲಿ ಚಿಪ್ ಕೂರಿಸಿದ ಬೋರ್ಡುಗಳನ್ನು ಜೋಡಿಸಿದ್ದಾಳೆ. ನನ್ನ ಡಬ್ಬಿಗಳು ನೆಲಕ್ಕಿಳಿದವು. ನಾನು ಜಗಳವಾಡಿದೆನೇ? ಆಡಿದೆ. ಯಾಕೆ ಆಡಬಾರದು? ಗೆದ್ದೆನೇ? ಅದು ಬೇರೆ ಮಾತು.

ಇವಳು ಸಂಬಳದ ಕೆಲಸಕ್ಕೆ ಆಫೀಸಿಗೆ ಹೋದಮೇಲೆ ಆ ಬೋರ್ಡುಗಳನ್ನು ಆರಿಸಿ ಹಚ್ಚುವವಳು ನಾನೇ. ಮಧ್ಯಾಹ್ನ ಫೋನು ಬರುತ್ತದೆ.

"ಅತ್ತೆ, ಮೂಲೇಲಿರೋದನ್ನ ಆರಿಸಿ ಹಚ್ಚಿ. ಲೈಟು ಮಿಣುಕ್ತಾ ಇದೆಯಾ?"

"ಮಿಣುಕೋಕೆ ಅದೇನು ನಕ್ಷತ್ರವೇನೇ? ಸುಮ್ನೆ ಕೆಂಪಗೆ ಗುರಾಯಿಸ್ತಾ ಇದೆ, ನಿನ್ನ ಗಂಡನ ಥರ."

"ಹಾಗಾದ್ರೆ ಇನ್ನೂ ಎದ್ದಿಲ್ಲ. ಸ್ವಲ್ಪ ತಾಳಿ, ಬೈಬೇಡಿ ಅದನ್ನ."

"ನಾನ್ಯಾಕೆ ಬೈಲಿ? ನಿನ್ನನ್ನ ಬೈಯೋದಕ್ಕೇ ನನಗೆ ಹೊತ್ತು ಸಾಲ್ತಿಲ್ಲ."

ಹೀಗೆ ದಿನವೂ ನಡೆಯುತ್ತದೆ. ಈಗ ಈ ಕೋಡಿನ ಕೆಲಸ ಬಿಟ್ಟಮೇಲೆ ಬೋರ್ಡುಗಳನ್ನೆಲ್ಲ ಪೆಟ್ಟಿಗೆಗೆ ತುಂಬಿಡುತ್ತಾಳಂತೆ. "ನಿಮ್ಮ ಡಬ್ಬಿ ಮೇಲಿಟ್ಕೊಳಿ ಅತ್ತೆ" ಎಂದಳು. ಮೇಲಿಟ್ಟುಕೊಂಡು ಏನು ಮಾಡಲಿ? ಡಬ್ಬಿ ಫೋನು ಮಾಡುತ್ತದೆಯೇ? ಆಮೇಲೆ ನಾವಿಬ್ಬರೂ ಆಡುವ ಮಾತೆಂದರೆ ಉಪ್ಪು ಹೆಚ್ಚಾಯಿತು, ಉಪ್ಪು ಕಡಿಮೆಯಾಯಿತು, ಅಷ್ಟೇ. ಅದಿರಲಿ. ಅದು ಈ ಸಭೆಗೆ ಸಂಬಂಧಪಟ್ಟದ್ದಲ್ಲ, ಯಾಕೆ ಹೇಳಿದೆನೋ.

ಸಂಬಂಧಪಟ್ಟದ್ದನ್ನು ಹೇಳುತ್ತೇನೆ. ಆ ನಿಧಾನದ ಚಿಪ್ ಇದೆಯಲ್ಲ, ಅದು ಏಳುವ ಮುಂಚೆಯೇ ನಿಮ್ಮ ಕೋಡು ಅದನ್ನು ಮಾತಾಡಿಸಿ, ಉತ್ತರ ಬರಲಿಲ್ಲವೆಂದು ಸತ್ತಿದೆ ಎಂದು ತೀರ್ಮಾನಿಸುತ್ತದೆ. ಬೆಳಗ್ಗೆ ಕಣ್ಣು ಬಿಡುವ ಮೊದಲು ಮಾತಾಡಿಸಿದರೆ ನಾನೂ ಉತ್ತರ ಕೊಡುವುದಿಲ್ಲ. ಹಾಗೆಂದು ನನ್ನನ್ನು ಹೊತ್ತುಕೊಂಡು ಹೋಗುತ್ತೀರಾ? "ಒಂದು ಗಳಿಗೆ ತಾಳು" ಎಂದು ಇವಳು ಒಂದು ಪ್ಯಾಚ್, ಅಂದರೆ ಕೋಡಿಗೆ ಹಾಕುವ ತೇಪೆ, ಬರೆದಳು. ತನ್ನ ಬೆನ್ನು ತನಗೆ ಕಾಣದು, ಆದ್ದರಿಂದ ಇನ್ನೊಬ್ಬರು ನೋಡಿ ಸರಿ ಎನ್ನಬೇಕು ಎಂಬುದು ನಿಮ್ಮ ನಿಯಮ. ಒಳ್ಳೆಯ ನಿಯಮ. ಆದರೆ ನೋಡಿದವರು ಯಾರು? ಕಳಿಸಿದಳು, ಯಾರೂ ನೋಡಲಿಲ್ಲ. ಮತ್ತೆ ಕಳಿಸಿದಳು, ಆಗಲೂ ನೋಡಲಿಲ್ಲ. "ದಯವಿಟ್ಟು" ಎಂದು ಸೇರಿಸಿ ಕಳಿಸಿದಳು. ಕಂಪ್ಯೂಟರ್ ಏಳಲಿಲ್ಲವೆಂದು ಊರೂರಿನವರು ಬೈಯುವುದು ಮಾತ್ರ ಇವಳನ್ನು! ಈ ಕೋಡು ಎಲ್ಲರದಂತೆ, ಯಾರು ಬೇಕಾದರೂ ತಿದ್ದಬಹುದಂತೆ. ಗೊತ್ತು ಬಿಡಿ. ಊರಬಾವಿಯ ನೀರು ಎಲ್ಲರಿಗೂ ಬೇಕು. ಹಗ್ಗ ಸವೆದಾಗ ಎಲ್ಲರೂ ಆಕಾಶ ನೋಡುತ್ತಾರೆ.

"ಜೊತೆಗೆ ಇನ್ನೊಬ್ರಿದ್ದಿದ್ರೆ ಬಿಡ್ತಿರ್ಲಿಲ್ಲ ಅತ್ತೆ. ಒಬ್ಬಳೇ ಎಷ್ಟು ಅಂತ ಎಳೀಲಿ?" ಇದು ಇವಳು ನನ್ನ ಹತ್ತಿರ ಆಡಿದ ಮಾತು. ಮನೆಯ ಜವಾಬ್ದಾರಿಯಂತೆ, ಮನೆಯ ಜವಾಬ್ದಾರಿ! ನಿಮ್ಮ ಸೋಮಾರಿತನಕ್ಕೆ ನನ್ನ ಹೆಸರು ಇಟ್ಟಿದ್ದೀರಿ.

ನಿರೂಪಕರು ಚೀಟಿ ಕೊಟ್ಟಿದ್ದಾರೆ. ಏನು ಬರೆದಿದೆಯೋ, ನನಗೆ ಕಾಣುವುದಿಲ್ಲ. ಮಗನದು ಕನ್ನಡಕದ ಅಂಗಡಿ, ತಾಯಿಗೆ ಕನ್ನಡಕವಿಲ್ಲ. "ನಾಳೆ ತರ್ತೀನಮ್ಮಾ" ಎನ್ನುತ್ತಾನೆ. ಅವನೂ ನಿಮ್ಮ ಸಂಘಕ್ಕೆ ಸೇರಬಹುದು. ಬಹುಶಃ ಇನ್ನಷ್ಟು ಮಾತಾಡಿ ಎಂದು ಬರೆದಿರಬೇಕು. ಆಗಲಿ. ಇವಳ ಜೊತೆ ಕೆಲಸ ಹಂಚಿಕೊಳ್ಳುತ್ತೇನೆ ಎಂದು ಈ ಸಭೆಯಲ್ಲಿ ಒಬ್ಬರು ಕೈ ಎತ್ತುವವರೆಗೂ ನಾನು ಮೈಕು ಬಿಡುವುದಿಲ್ಲ. ಊಟ ಆರುತ್ತದೆಯೇ? ಆರಲಿ. ನನಗೆ ಮೊದಲೇ ಹಲ್ಲಿಲ್ಲ, ಅವಸರವೂ ಇಲ್ಲ. ನನ್ನ ಹೆರಿಗೆಯ ಕಥೆಯೊಂದಿದೆ, ಬಹಳ ಉದ್ದ. ಅಲ್ಲಿಂದ ಶುರು ಮಾಡುತ್ತೇನೆ. ನನ್ನ ಮಗ ಹೊಟ್ಟೆಯಲ್ಲಿ ಅಡ್ಡ ತಿರುಗಿದ್ದನು. ಆಗ ಸೂಲಗಿತ್ತಿ ಕೈಗೆ ಎಣ್ಣೆ ಸವರಿಕೊಂಡು...

ಯಾರದು ಕೈ? ಹಿಂದಿನ ಸಾಲಿನ ಗಡ್ಡದವರೇ, ಎತ್ತಿದಿರಾ? ಓ, ತಲೆ ಕೆರೆದುಕೊಂಡದ್ದೇ! ಕೆರೆದುಕೊಳ್ಳಿ. ಎಣ್ಣೆ ಸವರಿಕೊಂಡು, ಬಿಸಿನೀರು ತನ್ನಿ ಎಂದಳು...

ಅಧ್ಯಕ್ಷರೇ! ತಾವೇ ಕೈ ಎತ್ತಿದಿರಾ? ನನ್ನನ್ನು ಸುಮ್ಮನಿರಿಸುವುದಕ್ಕೆ ಎತ್ತಿದ್ದೂ ಇರಬಹುದು. ಆದರೆ ಸಭೆಯೆಲ್ಲ ನೋಡಿತು, ಚಪ್ಪಾಳೆಯನ್ನೂ ಹೊಡೆಯಿತು. ಇನ್ನು ಇಳಿಸುವುದು ತಮ್ಮ ಸ್ಥಾನಕ್ಕೆ ಶೋಭೆಯಲ್ಲ. ತಲೆಯಾಡಿಸುತ್ತಿದ್ದೀರಿ. ಸಂತೋಷ. ಊಟವಾದ ಕೂಡಲೇ ಆ ಪ್ಯಾಚ್ ನೋಡುತ್ತೀರಿ, ಕೈ ತೊಳೆದು.

ಸೊಸೆ ಏನೋ ಹೇಳುತ್ತಿದ್ದಾಳೆ. ಗಟ್ಟಿಯಾಗಿ ಹೇಳೇ, ಮನೆಯಲ್ಲಿ ಬರುವ ಗಂಟಲು ಇಲ್ಲಿ ಎಲ್ಲಿ ಹೋಯಿತು? "ಅವರು ಜೊತೆಗಿದ್ದರೆ ಒಂದು ವರ್ಷ ಇರ್ತೀನಿ" ಎನ್ನುತ್ತಿದ್ದಾಳೆ. ಒಂದೇ ವರ್ಷವೇ? ಇರಲಿ, ಉಳಿದ ಚೌಕಾಸಿಯನ್ನು ಮನೆಗೆ ಹೋಗಿ ಮಾಡುತ್ತೇನೆ.

ಮೈಕು ಕೊಟ್ಟು ಪಶ್ಚಾತ್ತಾಪ ಪಟ್ಟ ನಿರೂಪಕರಿಗೆ, ಹಸಿವು ತಡೆಯಲಾರದೆ ಉಪಕಾರ ಮಾಡಿದ ಅಧ್ಯಕ್ಷರಿಗೆ, ಬೀಳ್ಕೊಡಲು ಬಂದು ಯಾರನ್ನೂ ಬೀಳ್ಕೊಡದೆ ಉಣ್ಣಲು ಹೊರಟಿರುವ ತಮ್ಮೆಲ್ಲರಿಗೆ ನನ್ನ ವಂದನೆಗಳು. ನಡೆಯಿರಿ, ಎಲೆ ಕಾಯುತ್ತಿದೆ. ನಮಸ್ಕಾರ.